ಒಂದೇ ಬಾಯಿ, ಇಬ್ಬರು ವೈದ್ಯರು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಮಕ್ಕಳ ದಂತ ವಿಭಾಗದಲ್ಲಿದ್ದಾಗ ಆಟಿಸಂ ಇರುವ ಆರು ವರ್ಷದ ಹುಡುಗನೊಬ್ಬನಿಗೆ ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಹನ್ನೊಂದು ಹಲ್ಲುಗಳ ಚಿಕಿತ್ಸೆ ಮಾಡಿದರು. ನಾನು ಹಲ್ಲು ನೋಡುವುದನ್ನು ಬಿಟ್ಟು, ಅವನ ತಲೆಯ ಬಳಿ ನಿಂತಿದ್ದ ಅರಿವಳಿಕೆ ತಜ್ಞೆಯನ್ನೇ ನೋಡುತ್ತಿದ್ದೆ. ಅಮೆರಿಕದಲ್ಲಿ ದಂತವೈದ್ಯರೇ ಈ ಕೆಲಸ ಕಲಿಯುವ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಪಡೆಯುವ ತಜ್ಞ ತರಬೇತಿ, ಇದೆಯಂತೆ. ನಿಜವೇ? ನನ್ನಂಥವರಿಗೆ ಅದು ಸಿಗುತ್ತದೆಯೇ? ಕಲಿತು ವಾಪಸು ಬಂದು ಇಲ್ಲಿ ಕೆಲಸ ಮಾಡಬಹುದೇ? ಮನೆಯಲ್ಲಿ ಸುಮ್ಮನೆ ಎಂಡಿಎಸ್ (ದಂತವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡು ಎನ್ನುತ್ತಾರೆ. ಇನ್ನೊಂದು ಮಾತು: ಮೊದಲ ಸಲ ಕೆಳದವಡೆಗೆ ಇಂಜೆಕ್ಷನ್ ಕೊಡುವಾಗ ನನ್ನ ಕೈ ನಡುಗಿತ್ತು. ಅಂಥವಳಿಗೆ ಇದು ಆದೀತೇ?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಮಿಕ್ಕ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ವಾಪಸು ಬಂದು ಇದೇ ಕೆಲಸ ಮಾಡಬಹುದೇ ಎಂದರೆ, ಈಗಿರುವ ವ್ಯವಸ್ಥೆಯಲ್ಲಿ ಆಗುವುದಿಲ್ಲ.

ನಮ್ಮಲ್ಲಿ ಎಂಡಿಎಸ್‌ಗೆ ಒಂಬತ್ತು ವಿಭಾಗಗಳಿವೆ. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಿಂದ ಹಿಡಿದು ಸಾರ್ವಜನಿಕ ದಂತ ಆರೋಗ್ಯದವರೆಗೆ ಎಲ್ಲವೂ ಆ ಪಟ್ಟಿಯಲ್ಲಿವೆ, ಅರಿವಳಿಕೆ ಇಲ್ಲ. ಭಾರತದಲ್ಲಿ ಅರಿವಳಿಕೆ ತಜ್ಞರಾಗಲು ಎಂಬಿಬಿಎಸ್ ಬೇಕು, ಅದರ ಮೇಲೆ ಎಂಡಿ, ಡಿಎನ್‌ಬಿಯಂಥ ಅರಿವಳಿಕೆಯ ಸ್ನಾತಕೋತ್ತರ ಓದು ಬೇಕು. ಅಮೆರಿಕದಲ್ಲಿ ಮೂರು ವರ್ಷ ತರಬೇತಿ ಪಡೆದು, ಸಾವಿರ ಮಂದಿಯನ್ನು ನಿದ್ದೆಗೆ ಕಳಿಸಿ ಕ್ಷೇಮವಾಗಿ ಎಬ್ಬಿಸಿದ ದಂತವೈದ್ಯೆಯೂ ಬೆಂಗಳೂರಿಗೆ ಬಂದಿಳಿದರೆ ಕಾನೂನಿನ ಕಣ್ಣಿಗೆ ಬಿಡಿಎಸ್ ಪದವೀಧರೆಯೇ. ಕಾಲೇಜಿನಲ್ಲಿ ಪಾಠ ಹೇಳಬಹುದು, ನೈಟ್ರಸ್ ಆಕ್ಸೈಡ್ ಎಂಬ ನಗೆ ಅನಿಲದ ಲಘು ಮಂಪರಿನ ತರಬೇತಿ ಕೊಡಬಹುದು. ಆದರೆ ಆ ಹುಡುಗನ ತಲೆಯ ಬಳಿ ನೀವು ನೋಡಿದ ಜಾಗ ಸಿಗುವುದಿಲ್ಲ. ಹೀಗಾಗಿ ಇದು ಹೋಗಿ ಬರುವ ದಾರಿಯಲ್ಲ, ಹೋಗಿ ನೆಲೆಸುವ ದಾರಿ. ಅಪ್ಪ ಅಮ್ಮನ ಜೊತೆ ಮಾತಾಡುವಾಗ ಈ ವಿಷಯವನ್ನು ಮೊದಲು ಮೇಜಿನ ಮೇಲಿಡಿ. ಸಂಬಳದ ಮಾತು ಆಮೇಲೆ.

ಇನ್ನು ನಿಜವೇ ಎಂಬ ಪ್ರಶ್ನೆ. ನಿಜ. ಅಷ್ಟೇಕೆ, ಅರಿವಳಿಕೆಯನ್ನು ಲೋಕಕ್ಕೆ ಪರಿಚಯಿಸಿದವರೇ ದಂತವೈದ್ಯರು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಗಾರ್ಡ್ನರ್ ಕೋಲ್ಟನ್ ಎಂಬಾತ ನಗೆ ಅನಿಲದ ಆಟ ಏರ್ಪಡಿಸಿದ್ದ. ಟಿಕೆಟ್ ಕೊಂಡು ಬಂದವರು ಅನಿಲ ಸೇದಿ ನಕ್ಕು ಕುಣಿಯುವುದೇ ಮನರಂಜನೆ. ಹಾಗೆ ಕುಣಿದ ಒಬ್ಬ ಬೆಂಚಿಗೆ ಕಾಲು ಬಡಿಸಿಕೊಂಡು ರಕ್ತ ಸುರಿಯುತ್ತಿದ್ದರೂ ನೋವೇ ಇಲ್ಲದವನಂತೆ ಕೂತಿದ್ದ. ನೆರೆದವರೆಲ್ಲ ನಗುತ್ತಿದ್ದಾಗ ಅವನ ಕಾಲನ್ನು ಗಮನಿಸಿದವನು ಹೊರೇಸ್ ವೆಲ್ಸ್ ಎಂಬ ಹಲ್ಲಿನ ಡಾಕ್ಟರು. ಮರುದಿನವೇ ಅವನು ತಾನು ಅನಿಲ ಸೇದಿ, ಜಾನ್ ರಿಗ್ಸ್ ಎಂಬ ದಂತವೈದ್ಯನಿಂದ ತನ್ನದೇ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. ಮುಂದಿನ ತಿಂಗಳು ಬಾಸ್ಟನ್ನಿನ ವೈದ್ಯರ ಮುಂದೆ ತೋರಿಸಲು ಹೋದಾಗ ರೋಗಿ ನಡುವೆಯೇ ಕೂಗಿಕೊಂಡ, ಸಭೆ ವೆಲ್ಸ್‌ನನ್ನು ಮೋಸಗಾರನೆಂದು ಗೇಲಿ ಮಾಡಿತು. 1846ರ ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಗೆದ್ದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ, ಹಿಂದೆ ವೆಲ್ಸ್‌ನ ಪಾಲುದಾರನಾಗಿದ್ದವನು.

ಇಷ್ಟೆಲ್ಲ ಆದರೂ ಅಮೆರಿಕದಲ್ಲಿ ದಂತ ಅರಿವಳಿಕೆಗೆ ಪ್ರತ್ಯೇಕ ವಿಶೇಷ ಶಾಖೆಯ ಮನ್ನಣೆ ಸಿಕ್ಕಿದ್ದು 2019ರ ಮಾರ್ಚ್‌ನಲ್ಲಿ. ವೆಲ್ಸ್ ಹಲ್ಲು ಕೀಳಿಸಿಕೊಂಡು ಆಗಲೇ 174 ವರ್ಷ ದಾಟಿತ್ತು. ಅದಕ್ಕೆ ಮೊದಲೂ ತರಬೇತಿ ಇತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಮಾನ್‌ಹೈಮ್ ಎಂಬ ದಂತವೈದ್ಯರು ಕಳೆದ ಶತಮಾನದ ನಡುಭಾಗದಲ್ಲೇ ಈ ವಿದ್ಯೆಗೆ ಬುನಾದಿ ಹಾಕಿದ್ದರು. ಆದರೆ ದಂತವೈದ್ಯರ ಸಂಘದೊಳಗೇ ಮತ ಹಾಕಿ ಮನ್ನಣೆಯನ್ನು ತಳ್ಳಿಹಾಕುತ್ತ ಬಂದರು. ಬಾಯಿಯ ಶಸ್ತ್ರಚಿಕಿತ್ಸಕರು ತಾವೇ ಅರಿವಳಿಕೆ ಕೊಟ್ಟು ತಾವೇ ಹಲ್ಲು ಕೀಳುವ ಪದ್ಧತಿ ಅಲ್ಲಿ ಬಲವಾಗಿ ಬೇರೂರಿತ್ತು, ಅದಕ್ಕೆ ಧಕ್ಕೆಯಾದೀತು ಎಂಬ ಅಂಜಿಕೆಯೂ ಇತ್ತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಹಾಗೆಂದು ಎಲ್ಲ ದೇಶಗಳಲ್ಲೂ ಈ ವೃತ್ತಿ ಇದೆ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2002ರಿಂದ ಹಲ್ಲಿನ ಕ್ಲಿನಿಕ್ಕುಗಳಲ್ಲಿ ಪೂರ್ಣ ಅರಿವಳಿಕೆ ಕೊಡುವುದನ್ನೇ ನಿಲ್ಲಿಸಿದ್ದಾರೆ, ಏನಿದ್ದರೂ ಆಸ್ಪತ್ರೆಯಲ್ಲಿ. ಜಪಾನಿನ ದಂತ ಕಾಲೇಜುಗಳಲ್ಲಿ ಇದಕ್ಕಾಗಿಯೇ ವಿಭಾಗಗಳಿವೆ, ಆದರೆ ಭಾಷೆ ಮತ್ತು ಪರವಾನಗಿಯ ಗೋಡೆ ಎತ್ತರವಾಗಿದೆ. ಕೆನಡಾದಲ್ಲಿ ಟೊರಾಂಟೊ ವಿಶ್ವವಿದ್ಯಾಲಯ ಕಲಿಸುತ್ತದೆ, ಒಂಟಾರಿಯೊ ಪ್ರಾಂತ್ಯ ಇದನ್ನು ವಿಶೇಷ ಶಾಖೆಯೆಂದು ಒಪ್ಪಿದೆ. ನಾನು ಅಮೆರಿಕದ ದಾರಿಯಲ್ಲಿ ನಡೆದವನು. ಮುಂದಿನ ಮಾತು ಆ ದಾರಿಯದ್ದು.

ಪ್ರವೇಶಕ್ಕೆ ಮೊದಲು ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಹೊಟ್ಟೆಯ ಆಪರೇಷನ್‌ನಲ್ಲಿ ಸರ್ಜನ್ ಹೊಟ್ಟೆಯ ಬಳಿ ಇರುತ್ತಾರೆ, ರೋಗಿಯ ತಲೆ ಪೂರ್ತಿ ಅರಿವಳಿಕೆ ತಜ್ಞರ ಸುಪರ್ದಿಯಲ್ಲಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ಉಸಿರು ಹೋಗಿ ಬರುವ ಬಾಯಿಯೊಳಗೇ ಇನ್ನೊಬ್ಬ ವೈದ್ಯರು ಡ್ರಿಲ್ ಹಿಡಿದು ಕೂತಿರುತ್ತಾರೆ. ನೀರು ಚಿಮ್ಮುತ್ತದೆ, ರಕ್ತ ಜಿನುಗುತ್ತದೆ, ಹಲ್ಲಿನ ಚೂರು ಹಾರುತ್ತದೆ, ಹಲ್ಲಿಗೆ ತೊಡಿಸುವ ಉಕ್ಕಿನ ಪುಟ್ಟ ಕ್ರೌನ್ ಕೈಜಾರಿ ನಾಲಗೆಯ ಮೇಲೆ ಬೀಳುತ್ತದೆ. ಅದರಿಂದ ಎರಡು ಮೂರು ಅಂಗುಲ ಹಿಂದೆ ಧ್ವನಿತಂತುಗಳು. ಅಲ್ಲಿಗೆ ಒಂದು ಹನಿ ನೀರು ತಾಗಿದರೆ ಸಾಕು, ಗಂಟಲು ಬಿಗಿದುಕೊಂಡು ಉಸಿರಿನ ಬಾಗಿಲು ಮುಚ್ಚಿಬಿಡಬಹುದು. ದೊಡ್ಡವರಿಗಾದರೆ ಒಂದಷ್ಟು ಸಮಯ ಇರುತ್ತದೆ. ಚಿಕ್ಕ ಮಗು ತೂಕಕ್ಕೆ ಹೋಲಿಸಿದರೆ ದೊಡ್ಡವರ ಎರಡರಷ್ಟು ಆಮ್ಲಜನಕ ಬಳಸುತ್ತದೆ, ಅದರ ಎದೆಯೊಳಗಿನ ದಾಸ್ತಾನೂ ಕಡಿಮೆ. ತುಟಿ ನೀಲಿಯಾಗಲು ಹೆಚ್ಚು ಹೊತ್ತು ಬೇಡ.

ಆದ್ದರಿಂದ ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ ಎನ್ನುತ್ತೇನೆ. ರೋಗಿಯ ಕತ್ತಿನ ಬುಡಕ್ಕೆ ಸ್ಟೆತಸ್ಕೋಪಿನ ಬಿಲ್ಲೆ ಅಂಟಿಸಿ, ಅದರ ಸದ್ದನ್ನು ಒಂದು ಕಿವಿಗೆ ಹಾಕಿಕೊಳ್ಳುವುದು ನಮ್ಮ ಕಸುಬಿನ ಹಳೆಯ ಅಭ್ಯಾಸ. ಸುಯ್ ಎಂದು ಹರಿಯುವ ಉಸಿರು, ನಾಲಗೆ ಹಿಂದೆ ಬಿದ್ದಾಗಿನ ಗೊರಕೆ, ನೀರು ಸೇರಿದಾಗಿನ ಗುಳುಗುಳು, ಗಂಟಲು ಬಿಗಿಯತೊಡಗಿದಾಗಿನ ಸಣ್ಣ ಕೀರಲು. ಇವೆಲ್ಲ ಯಂತ್ರ ಕೂಗುವ ಮೊದಲೇ ಕಿವಿಗೆ ಬೀಳುತ್ತವೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಉಸಿರು ನಿಂತದ್ದನ್ನು ತಡವಾಗಿ ಹೇಳುತ್ತದೆ. ನಿಶ್ವಾಸದ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಕೂಡಲೇ ಹೇಳುತ್ತದೆ. ಮೂರನ್ನೂ ಇಟ್ಟುಕೊಳ್ಳುತ್ತೇವೆ. ಎರಡು ಗಂಟೆ ಹೊತ್ತು ಇನ್ನೊಬ್ಬರ ಉಸಿರನ್ನೇ ಕೇಳುತ್ತ ಕೂರಲು ನಿಮಗೆ ಬೇಸರವೆನಿಸುವುದಾದರೆ ಈ ಪತ್ರವನ್ನು ಇಲ್ಲಿಗೇ ಮಡಚಿಡಬಹುದು. ನಿಜವಾಗಿ ಹೇಳುತ್ತಿದ್ದೇನೆ, ವ್ಯಂಗ್ಯವಿಲ್ಲ. ಕೈಕೆಲಸದ ಸೊಗಸಿಗಾಗಿ ದಂತವೈದ್ಯಕೀಯಕ್ಕೆ ಬಂದವರು ಒಂದು ವರ್ಷದಲ್ಲಿ ಬೇಸತ್ತದ್ದನ್ನು ನೋಡಿದ್ದೇನೆ.

ದಂತ ಅರಿವಳಿಕೆ ತಜ್ಞರಾದ ನಮ್ಮಲ್ಲಿ ಅನೇಕರು ಒಂದು ಆಸ್ಪತ್ರೆಗೆ ಅಂಟಿಕೊಂಡಿರುವುದಿಲ್ಲ. ಇಂದು ಈ ಊರಿನ ಮಕ್ಕಳ ಹಲ್ಲಿನ ಕ್ಲಿನಿಕ್, ನಾಳೆ ಇನ್ನೊಂದು. ಮಾನಿಟರು, ಔಷಧದ ಪಂಪು, ಹೀರುವ ಯಂತ್ರ, ಟ್ಯೂಬುಗಳು, ತುರ್ತು ಔಷಧದ ಪೆಟ್ಟಿಗೆ ಎಲ್ಲವೂ ಕಾರಿನ ಡಿಕ್ಕಿಯಲ್ಲಿ, ಅದೂ ಎರಡೆರಡು. ಕ್ಲಿನಿಕ್ಕಿನ ಗೋಡೆಯಿಂದ ಆಮ್ಲಜನಕ ಬರುತ್ತದೆ ಎಂದು ನಂಬಿ ಹೋಗುವಂತಿಲ್ಲ. ನಾವು ಒಯ್ಯುವ ಇ ಗಾತ್ರದ ಸಿಲಿಂಡರ್ ತುಂಬಿದ್ದಾಗ ಸುಮಾರು 660 ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ 6 ಲೀಟರ್ ಬಿಟ್ಟರೆ 110 ನಿಮಿಷ. ಈ ಭಾಗಾಕಾರವನ್ನು ಮನೆ ಬಿಡುವ ಮೊದಲೇ ಮಾಡಬೇಕು. ಸೀವೋಫ್ಲುರೇನ್ ಎಂಬ ಅರಿವಳಿಕೆ ಅನಿಲವನ್ನೋ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧವನ್ನೋ ಬಳಸುವವರು ಡ್ಯಾಂಟ್ರೊಲಿನ್ ಎಂಬ ದುಬಾರಿ ಔಷಧವನ್ನೂ ಇಟ್ಟುಕೊಳ್ಳಬೇಕು. ಕೆಲವರ ವಂಶವಾಹಿಯಲ್ಲಿರುವ ದೋಷದಿಂದ ಮೈ ಕೆಂಡದಂತೆ ಕಾದು ಸ್ನಾಯುಗಳು ಮರಗಟ್ಟುವ ಅಪಾಯಕ್ಕೆ ಅದೊಂದೇ ಮದ್ದು. ವರ್ಷಗಟ್ಟಲೆ ಬಳಸದೆ ಅವಧಿ ಮುಗಿದ ಸೀಸೆಗಳನ್ನು ಎಸೆದು ಹೊಸದು ಕೊಳ್ಳುವಾಗ ಕರುಳು ಕಿವುಚಿದಂತಾಗುತ್ತದೆ. ಆದರೂ ಕೊಳ್ಳುತ್ತೇನೆ.

ದಿನ ಆರಂಭವಾಗುವುದು ಫೋನಿನಿಂದ. ಮಗು ಏನಾದರೂ ತಿಂದಿದೆಯೇ? ತಿಳಿನೀರಿಗೆ ಎರಡು ಗಂಟೆ, ಎದೆಹಾಲಿಗೆ ನಾಲ್ಕು, ಲಘು ಆಹಾರಕ್ಕೆ ಆರು, ಎಣ್ಣೆ ಜಿಡ್ಡಿನ ಊಟಕ್ಕೆ ಎಂಟು ಗಂಟೆ, ಅರಿವಳಿಕೆಗೆ ಮೊದಲು ಇಷ್ಟು ಅಂತರ ಬೇಕು. ಒಮ್ಮೆ ಒಂದು ಕನ್ನಡದ ಮನೆಯ ಮಗು ಬಂತು. ತಾಯಿ ತಂದೆ ಇಬ್ಬರೂ ಮಗು ಏನೂ ತಿಂದಿಲ್ಲ ಎಂದು ಬರೆದುಕೊಟ್ಟಿದ್ದರು. ಸೊಸೆಯ ಬಾಣಂತನಕ್ಕೆಂದು ಹಾಸನದ ಕಡೆಯಿಂದ ಬಂದಿದ್ದ ಅಜ್ಜಿಯೂ ಜೊತೆಯಲ್ಲಿದ್ದರು. ನಾನು ಕನ್ನಡದಲ್ಲಿ ಮಾತಿಗೆಳೆದೆ. ಹಸಿದ ಹೊಟ್ಟೆಯಲ್ಲಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದುಂಟೇನಪ್ಪ ಎಂದು ಅವರೇ ಹೇಳಿದರು. ಅರ್ಧ ಚಪಾತಿ, ಬೆಲ್ಲ, ತುಪ್ಪ. ಅಂದಿನ ಕೆಲಸ ರದ್ದಾಯಿತು, ಅಷ್ಟು ದೂರ ಬಂದ ನನಗೆ ಬಿಡಿಗಾಸೂ ಸಿಗಲಿಲ್ಲ. ಅಂದಿನಿಂದ ಮನೆಯಲ್ಲಿ ಅಜ್ಜಿ ಇದ್ದಾರೆಯೇ ಎಂದೂ ಕೇಳುತ್ತೇನೆ.

ತರಬೇತಿ ಈಗ 36 ತಿಂಗಳು. ಹಿಂದೆ ಎರಡು ವರ್ಷವಿತ್ತು, ನಾನು ಕಲಿತದ್ದು ಆಗ. ಜುಲೈನಲ್ಲಿ ಆರಂಭ. ಮೊದಲಿಗೆ ಹೆಚ್ಚು ಕಾಲ ಹಲ್ಲಿನ ಮುಖವನ್ನೇ ನೋಡುವುದಿಲ್ಲ. ಆಸ್ಪತ್ರೆಯ ಥಿಯೇಟರ್‌ಗಳಲ್ಲಿ ವೈದ್ಯ ರೆಸಿಡೆಂಟರ ಜೊತೆ ನಿಂತು ಹರ್ನಿಯಾ, ಪಿತ್ತಕೋಶ, ಮೂಳೆ ಮುರಿತಗಳಿಗೆ ಅರಿವಳಿಕೆ ಕೊಡಬೇಕು. ಹೃದ್ರೋಗ, ತುರ್ತು ಚಿಕಿತ್ಸೆ, ಮಕ್ಕಳ ವಿಭಾಗಗಳಂಥ ಕಡೆಯೂ ಸರದಿ ಬರುತ್ತದೆ. ಅಲ್ಲಿನ ದಂತ ಶಿಕ್ಷಣದ ಮಾನ್ಯತಾ ಆಯೋಗ ಪ್ರತಿ ರೆಸಿಡೆಂಟ್ ಕಡ್ಡಾಯವಾಗಿ ಮಾಡಬೇಕಾದ ಕೇಸುಗಳ ಲೆಕ್ಕವನ್ನೂ ಇಟ್ಟಿದೆ. ಆಳವಾದ ಮಂಪರು ಅಥವಾ ಪೂರ್ಣ ಅರಿವಳಿಕೆ ಒಟ್ಟು 800. ಅದರಲ್ಲಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದವು 300, ಅವುಗಳಲ್ಲಿ ಮೂಗಿನ ಮೂಲಕ ಹಾಕಿದವು ಕನಿಷ್ಠ 50, ಕಷ್ಟದ ಶ್ವಾಸಮಾರ್ಗಕ್ಕೆ ಬೇಕಾದ ವಿಶೇಷ ವಿಧಾನಗಳವು 25. ಏಳು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು 125. ವಿಶೇಷ ಅಗತ್ಯವುಳ್ಳವರು 75. ಈ ಕೊನೆಯ ಸಂಖ್ಯೆಯ ಮೇಲೆ ಕಣ್ಣಿಡಿ. ನೀವು ದಾವಣಗೆರೆಯಲ್ಲಿ ನೋಡಿದಂಥ ಹುಡುಗರು, ಡೌನ್ ಸಿಂಡ್ರೋಮ್ ಇರುವವರು, ಮರೆವಿನ ಕಾಯಿಲೆಯ ವೃದ್ಧರು, ಕುರ್ಚಿಯಲ್ಲಿ ಐದು ನಿಮಿಷ ಬಾಯಿ ತೆರೆದು ಕೂರಲಾರದವರು. ಈ ವೃತ್ತಿ ಇರುವುದೇ ಮುಖ್ಯವಾಗಿ ಇವರಿಗಾಗಿ ಎಂದು ನಾನು ಭಾವಿಸಿದ್ದೇನೆ. ಹಣವಿದ್ದು, ಡ್ರಿಲ್ಲಿನ ಸದ್ದಿಗೆ ಅಂಜುವ ರೋಗಿಗಳಿಂದ ಆದಾಯ ಬರುತ್ತದೆ, ಸುಳ್ಳು ಹೇಳುವುದಿಲ್ಲ. ತರಬೇತಿಯ ಸಾರ್ಥಕ್ಯ ಕಾಣುವುದು ಮಾತ್ರ ಆ 75ರ ಕಡೆಯಲ್ಲಿ.

ಮುಗಿಸಿದ ಮೇಲೆ ಅಮೆರಿಕದ ದಂತ ಅರಿವಳಿಕೆ ಮಂಡಳಿಯ ಲಿಖಿತ ಪರೀಕ್ಷೆ, ನಂತರ ಮೌಖಿಕ. ಕೆಲಸ ಮಾಡಲು ಪ್ರತಿ ರಾಜ್ಯವೂ ದಂತವೈದ್ಯ ಪರವಾನಗಿಯ ಜೊತೆಗೆ ಅರಿವಳಿಕೆಗೆಂದೇ ಬೇರೆ ಅನುಮತಿ ಕೇಳುತ್ತದೆ, ನಿಯಮಗಳು ರಾಜ್ಯಕ್ಕೊಂದು ತೆರ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಸ್ಥೆಗಳು 2019ರಲ್ಲಿ ತಮ್ಮ ಮಾರ್ಗಸೂಚಿಯನ್ನು ಬಿಗಿಗೊಳಿಸಿ, ಕ್ಲಿನಿಕ್ಕಿನಲ್ಲಿ ಮಗುವಿಗೆ ಆಳವಾದ ಮಂಪರು ಕೊಡುವಾಗ ಹಲ್ಲು ನೋಡುವವರನ್ನು ಬಿಟ್ಟು, ಅರಿವಳಿಕೆಯನ್ನಷ್ಟೇ ನೋಡಿಕೊಳ್ಳುವ ಬೇರೊಬ್ಬ ತರಬೇತಾದವರು ಇರಲೇಬೇಕು ಎಂದವು. ಅದರ ಹಿಂದೆ ಮಕ್ಕಳ ಸಾವುಗಳಿದ್ದವು. ನಮ್ಮ ಕೆಲಸಕ್ಕೆ ಬೇಡಿಕೆ ಹೆಚ್ಚಲು ಅದೂ ಒಂದು ಕಾರಣ. ಹೇಳಿಕೊಳ್ಳಲು ಹಿತವಾದ ಕಾರಣವಲ್ಲ.

ಈಗ, ನಿಮ್ಮಂಥವರಿಗೆ ಸಿಗುತ್ತದೆಯೇ? ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೇ ಹತ್ತರ ಆಸುಪಾಸು. ಪಿಟ್ಸ್‌ಬರ್ಗ್, ಓಹಾಯೊ ಸ್ಟೇಟ್, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಲೋಮಾ ಲಿಂಡಾ, ನ್ಯೂಯಾರ್ಕ್ ಕಡೆಯ ಸ್ಟೋನಿ ಬ್ರೂಕ್ ಮತ್ತು ಎನ್‌ವೈಯು ಲ್ಯಾಂಗೋನ್ ಅವುಗಳಲ್ಲಿ ಕೆಲವು. ಒಂದೊಂದರಲ್ಲೂ ಬೆರಳೆಣಿಕೆಯ ಸೀಟು. ಅರ್ಜಿ ಪಾಸ್ ಎಂಬ ಸಾಮಾನ್ಯ ವ್ಯವಸ್ಥೆಯ ಮೂಲಕ, ಆಯ್ಕೆ ಮ್ಯಾಚ್ ಮೂಲಕ. ಅಂದರೆ ನೀವು ಕೇಂದ್ರಗಳನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತೀರಿ, ಅವರು ಅಭ್ಯರ್ಥಿಗಳನ್ನು ಬರೆಯುತ್ತಾರೆ, ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಜಾತಕ ಕೂಡಿಸಿದ ಹಾಗೆ, ಕೂಡಿದ ಮೇಲೆ ಒಲ್ಲೆ ಎನ್ನುವಂತಿಲ್ಲ.

ಭಾರತದ ಬಿಡಿಎಸ್ ಇಟ್ಟುಕೊಂಡು ನೇರವಾಗಿ ಈ ರೆಸಿಡೆನ್ಸಿಗೆ ಸೇರುವುದು ಬಹಳ ಕಷ್ಟ. ಹಲವು ಕೇಂದ್ರಗಳು ಅಮೆರಿಕ ಅಥವಾ ಕೆನಡಾದ ದಂತ ಪದವಿಯನ್ನೇ ಕೇಳುತ್ತವೆ. ಕೇಳದ ಕಡೆ ಸೀಟು ಸಿಕ್ಕರೂ ಮುಂದೆ ರಾಜ್ಯದ ಪರವಾನಗಿಯ ಹೊತ್ತಿಗೆ ಆ ಪದವಿಯ ಕೊರತೆ ಕಾಡಬಹುದು. ಹೀಗಾಗಿ ನಮ್ಮವರು ಸಾಮಾನ್ಯವಾಗಿ ಹಿಡಿಯುವ ದಾರಿ ಉದ್ದವಾದದ್ದು. ಮೊದಲು ಐಎನ್‌ಬಿಡಿಇ ಎಂಬ ರಾಷ್ಟ್ರೀಯ ಪರೀಕ್ಷೆ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿಗಳ ಮೌಲ್ಯಮಾಪನ. ನಂತರ ಕ್ಯಾಪಿಡ್ ಎಂಬ ವ್ಯವಸ್ಥೆಯಲ್ಲಿ ಅರ್ಜಿ, ಹಲವು ಕಾಲೇಜುಗಳಲ್ಲಿ ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಕೈಚಳಕದ ಪರೀಕ್ಷೆ. ಗೆದ್ದರೆ ಎರಡರಿಂದ ಮೂರು ವರ್ಷ ಓದಿ ಅಲ್ಲಿನ ಡಿಡಿಎಸ್ ಅಥವಾ ಡಿಎಂಡಿ ಪದವಿ. ಆಮೇಲೆ ಮೂರು ವರ್ಷದ ರೆಸಿಡೆನ್ಸಿ. ಪರೀಕ್ಷೆ ತಯಾರಿಯ ಕಾಲವನ್ನೂ ಸೇರಿಸಿದರೆ ಏಳೆಂಟು ವರ್ಷ. ಡಿಡಿಎಸ್‌ನ ಶುಲ್ಕ ಮತ್ತು ಜೀವನವೆಚ್ಚ ಕೋಟಿ ರೂಪಾಯಿಯನ್ನು ನಿರಾಯಾಸವಾಗಿ ದಾಟುತ್ತದೆ. ಸಾಲ ಮಾಡದೆ ಹೋದವರು ನನಗೆ ಗೊತ್ತಿರುವವರಲ್ಲಿ ಕಡಿಮೆ. ರೆಸಿಡೆನ್ಸಿಯಲ್ಲಿ ಆಸ್ಪತ್ರೆಗಳು ಸಂಬಳ ಕೊಡುತ್ತವೆ, ಕೆಲವು ವಿಶ್ವವಿದ್ಯಾಲಯಗಳು ತಿರುಗಿ ಶುಲ್ಕ ಕೇಳುತ್ತವೆ, ಆದ್ದರಿಂದ ಸೀಟು ಎಂದರೆ ಎಲ್ಲವೂ ಒಂದೇ ಅಲ್ಲ. ಯಾವ ವೀಸಾ ಕೊಡುತ್ತಾರೆ ಎಂಬುದನ್ನು ಅರ್ಜಿಗೆ ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಈ ಒಂದು ಪ್ರಶ್ನೆ ಕೇಳದೆ ಸಂದರ್ಶನದವರೆಗೆ ಹೋಗಿ ಕೈಚೆಲ್ಲಿದವರಿದ್ದಾರೆ.

ಮನೆಯವರು ಎಂಡಿಎಸ್ ಮಾಡು ಎನ್ನುತ್ತಿರುವುದು ತಿಳಿಯದೆ ಅಲ್ಲ. ಭಾರತದಲ್ಲೇ ಇರಬೇಕು, ಆ ಹುಡುಗನಂಥವರಿಗೆ ನೆರವಾಗಬೇಕು ಎಂಬುದು ನಿಮ್ಮ ಆಸೆಯಾದರೆ ಮಕ್ಕಳ ದಂತವೈದ್ಯಕೀಯದ ಎಂಡಿಎಸ್ ಒಳ್ಳೆಯ ದಾರಿ. ನೈಟ್ರಸ್ ಮಂಪರು ಕಲಿಯುತ್ತೀರಿ, ಅರಿವಳಿಕೆ ತಜ್ಞರ ಜೊತೆಗೂಡಿ ಥಿಯೇಟರಿನಲ್ಲಿ ಕೆಲಸ ಮಾಡುತ್ತೀರಿ. ಬಾಯಿ ದವಡೆಯ ಶಸ್ತ್ರಚಿಕಿತ್ಸೆ ಹಿಡಿದರೆ ಅರಿವಳಿಕೆ ವಿಭಾಗದಲ್ಲೂ ಕೆಲಕಾಲ ಕಳೆಯಲು ಸಿಗುತ್ತದೆ. ನಿಮ್ಮ ಆಸೆ ಹುಡುಗನ ಕಡೆಗಿದೆಯೋ, ತಲೆಯ ಬಳಿ ನಿಂತ ವೈದ್ಯೆಯ ಜಾಗದ ಕಡೆಗಿದೆಯೋ ಎಂದು ಪತ್ರದಿಂದ ನನಗೆ ತಿಳಿಯಲಿಲ್ಲ. ಅದನ್ನು ತಿಳಿಯಲು ಒಂದು ಉಪಾಯವಿದೆ. ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಆ ವೈದ್ಯೆಯ ಅನುಮತಿ ಕೇಳಿ, ಹಲ್ಲಿಗೆ ಸಂಬಂಧವೇ ಇಲ್ಲದ ಇಪ್ಪತ್ತು ಆಪರೇಷನ್‌ಗಳಲ್ಲಿ ಅವರ ಹಿಂದೆ ನಿಲ್ಲಿ. ಏನನ್ನೂ ಮುಟ್ಟಬೇಡಿ. ಯಾವ ಔಷಧ, ಎಷ್ಟು, ಏಕೆ, ರೋಗಿ ಎದ್ದದ್ದು ಯಾವಾಗ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಪ್ಪತ್ತನೆಯದರಲ್ಲೂ ಪ್ರಶ್ನೆ ಹುಟ್ಟುತ್ತಿದ್ದರೆ ನನಗೆ ಮತ್ತೆ ಬರೆಯಿರಿ. ಅಮೆರಿಕದವರು ಸಂದರ್ಶನದಲ್ಲಿ ಕೇಳುವುದೂ ಇಂಥ ಅನುಭವವನ್ನೇ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಮೇಲೆ ಹೇಳಿದ ಹೊರೇಸ್ ವೆಲ್ಸ್ ಮುಂದೆ ತನ್ನ ಮೇಲೆಯೇ ಕ್ಲೋರೋಫಾರಂ ಪ್ರಯೋಗ ಮಾಡುತ್ತ ಅದರ ಹಿಡಿತಕ್ಕೆ ಸಿಲುಕಿ, 1848ರಲ್ಲಿ ನ್ಯೂಯಾರ್ಕಿನ ಜೈಲಿನಲ್ಲಿ ಜೀವ ಕಳೆದುಕೊಂಡ. ಔಷಧ ಕೈಯಳತೆಯಲ್ಲಿರುವ ನಮ್ಮ ಕಸುಬಿನಲ್ಲಿ ಚಟದ ಅಪಾಯ ಇಂದಿಗೂ ಇದೆ. ಫೆಂಟನಿಲ್, ಕೆಟಮಿನ್‌ಗಳ ಪ್ರತಿ ಮಿಲಿಲೀಟರಿಗೂ ಲೆಕ್ಕ, ಉಳಿದದ್ದನ್ನು ಚೆಲ್ಲಲೂ ಸಾಕ್ಷಿ, ಪೆಟ್ಟಿಗೆಗೆ ಎರಡು ಬೀಗ. ಒಂಟಿಯಾಗಿ ಊರೂರು ಸುತ್ತುವವರು ತಮ್ಮ ಮೇಲೆ ತಾವೇ ಕಣ್ಣಿಡಬೇಕು. ಪರದೇಶದಲ್ಲಿ, ಸಾಲದ ಹೊರೆಯಲ್ಲಿ, ನಿದ್ದೆಗೆಟ್ಟ ರೆಸಿಡೆನ್ಸಿಯಲ್ಲಿ ಇದು ಇನ್ನೂ ಕಷ್ಟ.

ಕೊನೆಗೆ ಕೈ ನಡುಗಿದ ವಿಚಾರ. ತರಬೇತಿಯ ಮೊದಲ ವಾರಗಳಲ್ಲಿ ನಾನು ಮೂಗಿನ ಮೂಲಕ ಮೊದಲ ಟ್ಯೂಬ್ ಹಾಕಿದ ದಿನ ನೆನಪಿದೆ. ಟ್ಯೂಬು ಗಂಟಲಿನವರೆಗೆ ಬಂತು. ಎಡಗೈಯಲ್ಲಿ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್, ಬಲಗೈಯಲ್ಲಿ ಟ್ಯೂಬನ್ನು ಹಿಡಿದು ದಾರಿಗೆ ತರುವ ಮ್ಯಾಗಿಲ್ ಇಕ್ಕಳ. ಇಕ್ಕಳದ ತುದಿ ತಾಳ ಹಾಕಿದಂತೆ ಟ್ಯೂಬಿಗೆ ಬಡಿಯುತ್ತಿತ್ತು, ಧ್ವನಿತಂತುಗಳ ನಡುವೆ ಹೋಗಲೊಲ್ಲದು. ಹಿಂದೆ ನಿಂತಿದ್ದ ಹಿರಿಯ ವೈದ್ಯೆ ನನ್ನ ಕೈಯನ್ನು ನೋಡಲಿಲ್ಲ. ಆಮ್ಲಜನಕ ಎಷ್ಟಿದೆ ಎಂದಷ್ಟೇ ಕೇಳಿದರು. 98 ಎಂದೆ. ಹಾಗಿದ್ದರೆ ಎಲ್ಲ ಕೆಳಗಿಡು, ಮಾಸ್ಕ್ ಹಿಡಿದು ಉಸಿರು ಕೊಡು, ಒಂದು ನಿಮಿಷ ಬಿಟ್ಟು ಮತ್ತೆ ನೋಡು ಎಂದರು. ಎರಡನೆಯ ಸಲ ಹೋಯಿತು. ಆಮೇಲೂ ಸುಮಾರು ನಲವತ್ತು ಕೇಸುಗಳವರೆಗೆ ನನ್ನ ಕೈ ನಡುಗುತ್ತಿತ್ತು.